ಫ್ರಾಂಕ್ಲಿನ್ ಸಾಹೇಬರ ಒಪ್ಪೋಲೆ

ಹಳೇ ಕನ್ನಡ ಪುಸ್ತಕಗಳ ಕೊನೆಯಲ್ಲಿ 'ಒಪ್ಪೋಲೆ' ಅಂತ ಒಂದು ಪುಟ ಇರ್ತಿತ್ತು, ನೋಡಿದ್ದೀರಾ? ಪುಟ, ಸಾಲು, ತಪ್ಪು, ಒಪ್ಪು ಅಂತ ನಾಲ್ಕು ಕಾಲಂ. ಮೊಳೆ ಜೋಡಿಸುವಾಗ ಆದ ಎಡವಟ್ಟುಗಳನ್ನು ಅಚ್ಚಾದ ಮೇಲೆ ಕಂಡುಹಿಡಿದು, "ದಯವಿಟ್ಟು ತಿದ್ದಿಕೊಂಡು ಓದಿ" ಅಂತ ಓದುಗರನ್ನು ಬೇಡಿಕೊಳ್ಳೋ ಪಟ್ಟಿ ಅದು. ಚಿಕ್ಕವನಿದ್ದಾಗ ಅಪ್ಪನ ಕಪಾಟಿನ ಪುಸ್ತಕಗಳಲ್ಲಿ ನಾನು ಮೊದಲು ತೆಗೀತಿದ್ದದ್ದು ಆ ಪುಟವನ್ನೇ. ಕತೆಗಿಂತ ತಪ್ಪುಗಳ ಪಟ್ಟಿಯೇ ಮಜಾ ಅನ್ನಿಸ್ತಿತ್ತು. ಮುಂದೆ ಹೊಟ್ಟೆಪಾಡಿಗೂ ಅದೇ ಕೆಲಸ ಗಂಟುಬಿತ್ತು ಬಿಡಿ. ಈಗ ಅದನ್ನ ಬಗ್ ಲಿಸ್ಟ್ ಅಂತೀವಿ, ಅಷ್ಟೇ ವ್ಯತ್ಯಾಸ :-)

ಇಷ್ಟೆಲ್ಲಾ ಪೀಠಿಕೆ ಯಾಕೆ ಅಂದ್ರೆ, ತನ್ನ ಬದುಕಿನ ತಪ್ಪುಗಳನ್ನೇ ಒಪ್ಪೋಲೆ ಅಂತ ಕರೆದುಕೊಂಡ ಒಬ್ಬ ಅಚ್ಚುಮೊಳೆ ಜೋಡಿಸುವವನ ಹಿಂದೆ ಬಿದ್ದು ನಾಲ್ಕೈದು ತಿಂಗಳಾಯ್ತು. ಬೆಂಜಮಿನ್ ಫ್ರಾಂಕ್ಲಿನ್. ಅಮೆರಿಕದ ನೂರು ಡಾಲರ್ ನೋಟಿನ ಮೇಲಿರೋ ಬೊಕ್ಕತಲೆಯ ತಾತ. ನಮಗೆಲ್ಲಾ ಈತ ಹೈಸ್ಕೂಲ್ ವಿಜ್ಞಾನದ ಪುಸ್ತಕದಲ್ಲಿ ಮಳೆಯಲ್ಲಿ ಗಾಳಿಪಟ ಹಾರಿಸಿದವನಾಗಿ ಪರಿಚಯ. ಅದು 1752ರ ಮಾತು, ಆಗ ಆತನಿಗೆ 46 ವರ್ಷ. ನನಗೆ ಬೇಕಾಗಿದ್ದು ಅದಕ್ಕೂ ಮುಂಚಿನ, ನನ್ನದೇ ವಯಸ್ಸಿನ ಫ್ರಾಂಕ್ಲಿನ್.

ಶುರುವಾಗಿದ್ದು ಒಂದು ಅಪ್ರೈಸಲ್‌ನಿಂದ. ವಿವರ ಬೇಡ. "ಕೆಲಸ ಚೆನ್ನಾಗಿದೆ, ಆದ್ರೆ ನೀವು ಯಾರ ಮಾತೂ ಪೂರ್ತಿ ಕೇಳಲ್ಲ" ಅಂತ ಹೇಳಿಸಿಕೊಂಡು ಬಂದೆ. ಮನೆಗೆ ಬರೋ ದಾರಿಯುದ್ದಕ್ಕೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತು ಬೈದುಕೊಂಡೆ. ಆಮೇಲೆ ರಾತ್ರಿ ರೂಮಿನಲ್ಲಿ, ಯಾವತ್ತೋ ಅವೆನ್ಯೂ ರೋಡಿನ ಫುಟ್‌ಪಾತಲ್ಲಿ ಕೊಂಡಿದ್ದ ಆತನ ಆತ್ಮಕಥೆ ಕೈಗೆ ಸಿಕ್ಕಿತು. ಒಂದೇ ಉಸಿರಿಗೆ ಓದಿದೆ ಅಂತ ಸುಳ್ಳು ಹೇಳಲ್ಲ, ಮೂರು ವಾರ ಹಿಡೀತು.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬಾಸ್ಟನ್ನಿನಲ್ಲಿ. ಅಪ್ಪ ಮೇಣದಬತ್ತಿ, ಸೋಪು ಮಾಡುವವನು. ಮನೆ ತುಂಬಾ ಮಕ್ಕಳು, ಒಟ್ಟು 17 ಜನ. ಶಾಲೆ ನೋಡಿದ್ದು ಹೆಚ್ಚೆಂದರೆ ಎರಡು ವರ್ಷ. 12ನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಅಚ್ಚುಕೂಟದಲ್ಲಿ ಕೆಲಸ ಕಲಿಯೋಕೆ ಕರಾರು ಬರೆಸಿ ಬಿಟ್ಟರು. ಅಣ್ಣ ಹೊಡೀತಿದ್ದ. ತಮ್ಮನ ಬರಹವನ್ನಂತೂ ಪೇಪರಿನಲ್ಲಿ ಹಾಕುವ ಮಾತೇ ಇಲ್ಲ. ಆಗ ಈ ಹುಡುಗ ಏನು ಮಾಡಿದ ಗೊತ್ತಾ? 'ಸೈಲೆನ್ಸ್ ಡೂಗುಡ್' ಅನ್ನೋ ವಿಧವೆಯ ಹೆಸರಿನಲ್ಲಿ ಪತ್ರ ಬರೆದು, ರಾತ್ರಿ ಹೊತ್ತು ಅಚ್ಚುಕೂಟದ ಬಾಗಿಲ ಕೆಳಗೆ ತೂರಿಸಿ ಬರ್ತಿದ್ದ. 1722ರಲ್ಲಿ ಅಂಥ 14 ಪತ್ರಗಳು ಅಚ್ಚಾದವು. ಬರೆದವನಿಗೆ ಆಗ 16 ವರ್ಷ. ಸುಳ್ಳು ಹೆಸರಿನಲ್ಲಿ ಬ್ಲಾಗ್ ಬರೆಯೋ ನಮ್ಮ ಗೆಳೆಯರೆಲ್ಲಾ ಈತನ ಫೋಟೋಗೆ ಒಂದು ಹೂವಿನ ಹಾರ ಹಾಕಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆತ ಬರೆಯೋದನ್ನು ಕಲಿತ ರೀತಿ. ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಬಿಡಿ ಸಂಪುಟ ಕೈಗೆ ಸಿಗುತ್ತದೆ. ಅದರ ಒಂದೊಂದು ಲೇಖನ ಓದಿ, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಚೀಟಿ ಮಾಡಿಕೊಳ್ಳೋದು. ಕೆಲವು ದಿನ ಬಿಟ್ಟು, ಮೂಲ ನೋಡದೆ, ಚೀಟಿಗಳಿಂದಲೇ ಲೇಖನವನ್ನು ಪೂರ್ತಿ ಬರೆಯೋದು. ಆಮೇಲೆ ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳೋದು. ಪದಸಂಪತ್ತು ಸಾಲದು ಅನ್ನಿಸಿದಾಗ ಅದೇ ಕತೆಗಳನ್ನ ಪದ್ಯ ಮಾಡಿ, ಮರೆತ ಮೇಲೆ ಪದ್ಯದಿಂದ ವಾಪಸ್ ಗದ್ಯ ಮಾಡಿದನಂತೆ. ಚೀಟಿಗಳನ್ನು ಬೇಕಂತಲೇ ಕಲಸಿಹಾಕಿ, ವಾರಗಳ ನಂತರ ಮತ್ತೆ ಸರಿಯಾದ ಕ್ರಮಕ್ಕೆ ಜೋಡಿಸುವ ಆಟ ಬೇರೆ. ಇದೆಲ್ಲಾ ಕೆಲಸ ಮುಗಿದ ಮೇಲೆ ರಾತ್ರಿ, ಅಥವಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಇಲ್ಲವೇ ಚರ್ಚಿಗೆ ಚಕ್ಕರ್ ಹೊಡೆದ ಭಾನುವಾರ. ಬೇರೆಯವರ ಕೋಡನ್ನು ನೋಡದೇ ಮತ್ತೆ ಬರೆದು, ಆಮೇಲೆ ಹೋಲಿಸಿ ನೋಡೋದು! ನಮಗೆ ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ಯಾರೂ ಇದನ್ನ ಹೇಳಿಕೊಡಲಿಲ್ಲ.

ಪುಸ್ತಕಕ್ಕೆ ದುಡ್ಡು ಹೊಂದಿಸಿದ್ದೂ ಒಂದು ಕತೆಯೇ. ಒಂದು ಪುಸ್ತಕ ಓದಿ ಮಾಂಸ ಬಿಟ್ಟ. ತನ್ನ ಊಟದ ಖರ್ಚಿನಲ್ಲಿ ಅರ್ಧ ಕೊಟ್ಟರೆ ಸಾಕು, ನಾನೇ ಬೇಯಿಸಿಕೊಳ್ತೀನಿ ಅಂತ ಅಣ್ಣನ ಜೊತೆ ಒಪ್ಪಂದ ಮಾಡಿಕೊಂಡ. ಆ ಅರ್ಧದಲ್ಲೂ ಅರ್ಧ ಉಳಿಸಿ ಪುಸ್ತಕ ಕೊಂಡ. ಎಲ್ಲರೂ ಊಟಕ್ಕೆ ಹೋದಾಗ ಒಂದು ತುಂಡು ಬ್ರೆಡ್ಡು, ಒಂದು ಹಿಡಿ ಒಣದ್ರಾಕ್ಷಿ ತಿಂದು ನೀರು ಕುಡಿದು ಅಚ್ಚುಕೂಟದಲ್ಲೇ ಓದ್ತಾ ಕೂರೋದು. ಈ ಸಸ್ಯಾಹಾರ ಎಲ್ಲಿವರೆಗೆ ಬಂತು ಅಂದ್ರೆ, ಒಂದು ಸಲ ಹಡಗಿನಲ್ಲಿ ಹೋಗುವಾಗ ಕಾಡ್ ಮೀನು ಹುರಿಯೋ ವಾಸನೆ ಬರೋವರೆಗೆ. ದೊಡ್ಡ ಮೀನಿನ ಹೊಟ್ಟೆ ಸೀಳಿದಾಗ ಒಳಗೆ ಚಿಕ್ಕ ಮೀನುಗಳಿದ್ದವು. ನೀವು ನೀವೇ ತಿನ್ಕೊಳ್ಳೋದಾದ್ರೆ ನಾನು ನಿಮ್ಮನ್ನ ತಿಂದ್ರೆ ಏನು ತಪ್ಪು ಅಂತ ತರ್ಕ ಹೂಡಿ ಗಡದ್ದಾಗಿ ಊಟ ಮಾಡಿದ. ಮನುಷ್ಯನಿಗೆ ಬುದ್ಧಿ ಇರೋದು, ಮಾಡಬೇಕು ಅನ್ನಿಸಿದ್ದಕ್ಕೆಲ್ಲಾ ಒಂದು ಕಾರಣ ಹುಡುಕಿಕೊಳ್ಳೋಕೆ ಎಷ್ಟು ಅನುಕೂಲ ಅಂತ ತನ್ನನ್ನ ತಾನೇ ಗೇಲಿ ಮಾಡಿಕೊಳ್ತಾನೆ. ಈತನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಜಾಗದಲ್ಲಿ.

1723ರಲ್ಲಿ ಅಣ್ಣನ ಕರಾರು ಮುರಿದು ಫಿಲಡೆಲ್ಫಿಯಾಕ್ಕೆ ಓಡಿಹೋದ. 1724ರಿಂದ 26ರವರೆಗೆ ಲಂಡನ್ನಿನ ಅಚ್ಚುಕೂಟಗಳಲ್ಲಿ ಕೆಲಸ. ಅಲ್ಲಿನ ಕೆಲಸಗಾರರು ಬೆಳಗ್ಗಿನಿಂದ ಸಂಜೆವರೆಗೆ ಬಿಯರ್ ಕುಡಿಯೋರು, ಈತ ನೀರು. ಅವರು ಎರಡೂ ಕೈಯಲ್ಲಿ ಒಂದು ಮೊಳೆಯ ಚೌಕಟ್ಟು ಹೊತ್ತರೆ ಈತ ಕೈಗೊಂದರಂತೆ ಎರಡು ಹೊತ್ತು ಮೆಟ್ಟಿಲು ಹತ್ತೋನು. ಥೇಮ್ಸ್ ನದಿಯಲ್ಲಿ ಚೆಲ್ಸಿಯಿಂದ ಬ್ಲ್ಯಾಕ್‌ಫ್ರಯರ್ಸ್‌ವರೆಗೆ ಈಜಿ ತೋರಿಸಿ, ಈಜು ಶಾಲೆ ತೆಗೆಯೋ ಯೋಚನೆಯೂ ಬಂದಿತ್ತು. ಅದನ್ನೇನಾದ್ರೂ ಮಾಡಿದ್ದಿದ್ದರೆ ನೂರು ಡಾಲರ್ ನೋಟಿನ ಮೇಲೆ ಇನ್ಯಾರೋ ಇರ್ತಿದ್ದರು.

ಈಗ ನಮ್ಮ ವಿಷಯ. ಇಪ್ಪತ್ತೈದರ ಆಸುಪಾಸಿನಲ್ಲಿ ಫ್ರಾಂಕ್ಲಿನ್‌ಗೆ ಒಂದು ಹುಕಿ ಬಂತು: ಪರಿಪೂರ್ಣ ಮನುಷ್ಯ ಆಗಿಬಿಡಬೇಕು. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಿದೆ, ಹಾಗಿದ್ದ ಮೇಲೆ ಮಾಡೋಕೇನು ಕಷ್ಟ ಅನ್ನೋದು ವಾದ. ಮಾಡೋಕೆ ಕೂತಾಗ ಗೊತ್ತಾಯ್ತು, ಒಂದು ತಪ್ಪನ್ನ ಕಾಯ್ತಾ ಇರೋವಾಗ ಇನ್ನೊಂದು ಹಿಂಬಾಗಿಲಿಂದ ಬಂದಿರುತ್ತೆ ಅಂತ. ಆಗ ಹೊಳೆದದ್ದು ಆ ಪ್ರಸಿದ್ಧ ಕೋಷ್ಟಕ. ಮಿತಾಹಾರ, ಮೌನ, ಅಚ್ಚುಕಟ್ಟು, ದೃಢನಿರ್ಧಾರ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ, ಹದ, ಶುಚಿತ್ವ, ಸಮಚಿತ್ತ, ಇಂದ್ರಿಯನಿಗ್ರಹ, ವಿನಯ. ಒಟ್ಟು 13. ಮೊದಲು ಇದ್ದದ್ದು 12. ಕ್ವೇಕರ್ ಗೆಳೆಯನೊಬ್ಬ "ನಿನಗೆ ಜಂಬ ಜಾಸ್ತಿ ಅಂತ ಎಲ್ಲರೂ ಅಂದ್ಕೊಳ್ತಾರೆ ಮಾರಾಯ" ಅನ್ನೋ ಅರ್ಥದಲ್ಲಿ ಹೇಳಿ, ಉದಾಹರಣೆಗಳನ್ನೂ ಕೊಟ್ಟ ಮೇಲೆ ವಿನಯ ಸೇರಿಕೊಂಡಿತು. ಅವನಿಗೂ ಒಂದು ಅಪ್ರೈಸಲ್ ಆಗಿತ್ತು ಅನ್ನಿ!

ಪುಟ್ಟ ಪುಸ್ತಕದಲ್ಲಿ ಗುಣಕ್ಕೊಂದು ಪುಟ. ಪುಟದಲ್ಲಿ ವಾರದ ಏಳು ದಿನಕ್ಕೆ ಏಳು ಕಾಲಂ, 13 ಗುಣಕ್ಕೆ 13 ಸಾಲು. ರಾತ್ರಿ ಕೂತು ಆ ದಿನ ಎಡವಿದ ಕಡೆ ಒಂದು ಕಪ್ಪು ಚುಕ್ಕೆ. ಎಲ್ಲದರ ಮೇಲೂ ಒಟ್ಟಿಗೆ ದಾಳಿ ಇಲ್ಲ, ವಾರಕ್ಕೆ ಒಂದೇ ಗುಣದ ಮೇಲೆ ಕಣ್ಣು, ಮಿಕ್ಕವಕ್ಕೆ ಚುಕ್ಕೆ ಇಟ್ಟರಾಯ್ತು. ಕಳೆ ಕೀಳುವಾಗ ಇಡೀ ತೋಟಕ್ಕೆ ಒಂದೇ ಸಲ ಕೈ ಹಾಕದೆ ಒಂದೊಂದೇ ಪಾತಿ ಮುಗಿಸಿದ ಹಾಗೆ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. 13ನ್ನು 52ಕ್ಕೆ ಸರಿಯಾಗಿ ಕೂರಿಸಿದ್ದು ನೋಡಿ ನನ್ನೊಳಗಿನ ಪ್ರೋಗ್ರಾಮರ್‌ಗೆ ರೋಮಾಂಚನ ಆಯ್ತು. ಕ್ರಮಕ್ಕೂ ಕಾರಣ ಇದೆ: ಊಟ-ಕುಡಿತ ಹಿಡಿತದಲ್ಲಿದ್ದರೆ ತಲೆ ಸ್ವಚ್ಛ, ತಲೆ ಸ್ವಚ್ಛ ಇದ್ದರೆ ಮೌನ ಸುಲಭ, ಮೌನ ಇದ್ದರೆ ಕಲಿಕೆ, ಅಚ್ಚುಕಟ್ಟಿದ್ದರೆ ಕಲಿಯೋಕೆ ಸಮಯ... ಹೀಗೆ ಒಂದರ ಮೇಲೊಂದು. ಚುಕ್ಕೆ ಇಟ್ಟು, ಕೆರೆದು ಅಳಿಸಿ, ಮತ್ತೆ ಇಟ್ಟು ಕಾಗದ ತೂತಾದಾಗ, ದಂತದ ಹಾಳೆಗಳ ಪುಸ್ತಕಕ್ಕೆ ಬದಲಾಯಿಸಿದ. ಗೆರೆಗಳು ಕೆಂಪು ಶಾಯಿಯಲ್ಲಿ ಕಾಯಂ, ಚುಕ್ಕೆಗಳು ಪೆನ್ಸಿಲಿನಲ್ಲಿ, ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಮತ್ತೆ ಹೊಸ ಸುತ್ತು.

ಇದು ಪೂರ್ತಿ ಆತನ ಸ್ವಂತ ಬುದ್ಧಿ ಅಲ್ಲ. ರೋಮಿನ ಸೆನೆಕಾ ರಾತ್ರಿ ದೀಪ ಆರಿಸಿ, ಹೆಂಡತಿ ಸುಮ್ಮನಾದ ಮೇಲೆ ಇಡೀ ದಿನವನ್ನು ತಿರುವಿ ಹಾಕುತ್ತಿದ್ದುದಾಗಿ ಬರೆದಿದ್ದಾನೆ. 1548ರಲ್ಲಿ ಅಚ್ಚಾದ ಇಗ್ನೇಷಿಯಸ್ ಲೊಯೊಲಾನ ಪುಸ್ತಕದಲ್ಲಂತೂ ಪ್ರತಿ ದಿನಕ್ಕೂ ಗೆರೆ ಎಳೆದು, ಎಡವಿದ ಸಲಕ್ಕೊಂದು ಚುಕ್ಕೆ ಇಡೋ ಪದ್ಧತಿಯೇ ಇದೆ. ಆದರೆ ಅವರದ್ದು ಮುಕ್ತಿಯ ಲೆಕ್ಕ ಅಥವಾ ತತ್ವಜ್ಞಾನದ ಲೆಕ್ಕ. ಫ್ರಾಂಕ್ಲಿನ್‌ದು ಅಂಗಡಿಯವನ ಖಾತೆ ಪುಸ್ತಕ. ಇದೇ ಕಾರಣಕ್ಕೆ ಮ್ಯಾಕ್ಸ್ ವೆಬರ್ ಈತನನ್ನು ಬಂಡವಾಳಶಾಹಿ ಮನಸ್ಸಿಗೆ ಉದಾಹರಣೆ ಮಾಡಿದ, ಡಿ. ಎಚ್. ಲಾರೆನ್ಸ್ 1923ರಲ್ಲಿ ಹಿಗ್ಗಾಮುಗ್ಗಾ ಗೇಲಿ ಮಾಡಿದ. ಲಾರೆನ್ಸ್ ಸಾಹೇಬರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ತನ್ನ ಚುಕ್ಕೆಗಳನ್ನು ತಾನೇ ತೋರಿಸಿ ನಕ್ಕವನನ್ನು ಅಷ್ಟು ಬೈಯಬಾರದಿತ್ತು ಅಂತ ನನ್ನ ಅನಿಸಿಕೆ.

ಸರಿ, ನಾನೂ ಶುರು ಮಾಡಿದೆ. ಮೊದಲು ಎಕ್ಸೆಲ್ ಶೀಟು, ಚುಕ್ಕೆ ಜಾಸ್ತಿಯಾದರೆ ಸಾಲು ತಾನೇ ಕೆಂಪಾಗೋ ಫಾರ್ಮುಲಾ ಸಮೇತ. ಎರಡೇ ದಿನಕ್ಕೆ ಗೊತ್ತಾಯ್ತು, ನಾನು ಗುಣಕ್ಕಿಂತ ಫಾರ್ಮುಲಾ ತಿದ್ದೋದರಲ್ಲೇ ಮುಳುಗಿದ್ದೆ. ಬಿಟ್ಟು, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದು ಗೆರೆ ಎಳೆದೆ. ಸಂಕ್ರಾಂತಿಗೆ ತಿಪಟೂರಿಗೆ ಹೋದಾಗ ಅಮ್ಮ ಅದನ್ನ ತೆಗೆದು ನೋಡಿ, "ಏನೋ ಇದು, ಹಾಲಿನ ಲೆಕ್ಕಾನಾ?" ಅಂದ್ರು. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಮೂವತ್ತು ವರ್ಷದಿಂದ ಹಾಕ್ತಿರೋ ಗುರುತುಗಳೂ ಥೇಟ್ ಹಾಗೇ ಇವೆ. ಒಂದು ಲೀಟರಿಗೆ ಒಂದು ಗೀಟು, ಅರ್ಧಕ್ಕೆ ಅರ್ಧ ಗೀಟು, ಹಾಲು ಬರದ ದಿನ ಸೊನ್ನೆ. "ಹೂಂ ಅಮ್ಮ, ಅದೇ ಥರ" ಅಂದೆ.

ಎರಡನೇ ವಾರದ ಮೌನ ನನ್ನ ಬೆವರಿಳಿಸಿತು. ಬೆಳಗಿನ ಮೀಟಿಂಗಿನಲ್ಲಿ ಬೇರೆಯವರ ವಾಕ್ಯ ಮುಗಿಯೋವರೆಗೆ ಕಾಯೋದು ಎಷ್ಟು ಕಷ್ಟ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಯಾರೂ ಕಾದಿಲ್ಲ. ಇದಕ್ಕೂ ಫ್ರಾಂಕ್ಲಿನ್ ಹತ್ರ ಒಂದು ದಾರಿ ಇತ್ತು. 1736ರಲ್ಲಿ ಆತ ಪೆನ್ಸಿಲ್ವೇನಿಯಾ ಅಸೆಂಬ್ಲಿಯ ಗುಮಾಸ್ತನಾದ. ಗಂಟೆಗಟ್ಟಲೆ ಭಾಷಣ ಕೇಳಬೇಕು, ಬಾಯಿ ಬಿಡೋ ಹಾಗಿಲ್ಲ. ಬೇಜಾರು ಕಳೆಯೋಕೆ ಕಾಗದದ ಮೇಲೆ ಮಾಯಾಚೌಕ ಬರೆಯೋಕೆ ಶುರುಮಾಡಿದ. ಒಂದರಿಂದ 64ರವರೆಗಿನ ಅಂಕಿಗಳನ್ನು 8×8 ಮನೆಗಳಲ್ಲಿ ತುಂಬಿಸಿದ ಆತನ ಚೌಕದಲ್ಲಿ ಯಾವ ಅಡ್ಡಸಾಲು, ಉದ್ದಸಾಲು ಕೂಡಿಸಿದರೂ 260. ಮೊದಲ ಸಾಲು 52, 61, 4, 13, 20, 29, 36, 45. ಕೂಡಿಸಿ ನೋಡಿ. ಅರ್ಧ ಸಾಲು ಕೂಡಿಸಿದರೆ ಸರಿಯಾಗಿ 130. ಕರ್ಣಗಳು ಮಾತ್ರ ಕೈಕೊಡುತ್ತವೆ, ಅದರ ಬದಲು ಮಧ್ಯದಲ್ಲಿ ಬಾಗಿದ ಕರ್ಣಗಳು 260 ಕೊಡುತ್ತವೆ. ಗೆಳೆಯ ಲೋಗನ್ ಒಂದು ಹಳೇ ಪುಸ್ತಕದಲ್ಲಿ 16×16ರ ಚೌಕ ತೋರಿಸಿದಾಗ, ಸೋಲೋಕೆ ಮನಸ್ಸಿಲ್ಲದೆ ಅದೇ ಸಂಜೆ ತಾನೂ 16ರದ್ದು ಮಾಡಿ ಕಳಿಸಿದ. ಅದರ ಮೊತ್ತ 2056. ವಿನಯದ ಸಾಲಿನಲ್ಲಿ ಆ ರಾತ್ರಿ ಚುಕ್ಕೆ ಬಿದ್ದಿರಬೇಕು! ನಾನು ಇದನ್ನ ಮೀಟಿಂಗಿನಲ್ಲಿ ಪ್ರಯೋಗಿಸಿದೆ. 4×4 ಬರೋವಷ್ಟರಲ್ಲಿ ಮೀಟಿಂಗ್ ಮುಗಿಯುತ್ತೆ, ನಾಲಿಗೆಯೂ ಸುಮ್ಮನಿರುತ್ತೆ.

ಅಚ್ಚುಕಟ್ಟಿನ ವಾರದಲ್ಲಿ ನಾನು ಮಕಾಡೆ ಮಲಗಿದೆ. ಫ್ರಾಂಕ್ಲಿನ್ ಕೂಡ. ಬೆಳಿಗ್ಗೆ 5ಕ್ಕೆ ಏಳೋದು, 8ರಿಂದ 12 ಕೆಲಸ, ಎರಡು ಗಂಟೆ ಊಟ-ಓದು-ಲೆಕ್ಕ, ಮತ್ತೆ 6ರವರೆಗೆ ಕೆಲಸ, ಸಂಜೆ ಸಂಗೀತವೋ ಮಾತುಕತೆಯೋ, 10ಕ್ಕೆ ನಿದ್ದೆ ಅಂತ ವೇಳಾಪಟ್ಟಿ ಏನೋ ಇತ್ತು. ಆದರೆ ಅಂಗಡಿ ಇಟ್ಟವನಿಗೆ ಗಿರಾಕಿ ಬಂದಾಗಲೇ ಹೊತ್ತು. ಸಾಮಾನುಗಳಿಗೆ ಜಾಗ ಅನ್ನೋದು ಜೀವಮಾನದಲ್ಲಿ ಕೂಡಿಬರಲಿಲ್ಲ ಅಂತ ಒಪ್ಪಿಕೊಳ್ತಾನೆ. ಅದಕ್ಕೆ ಒಂದು ಕೊಡಲಿ ಕತೆ ಹೇಳ್ತಾನೆ. ಒಬ್ಬ ಕಮ್ಮಾರನ ಹತ್ರ ಕೊಡಲಿ ಕೊಂಡು, ಬಾಯಿ ಹೊಳೆಯೋ ಹಾಗೆ ಇಡೀ ಕೊಡಲಿ ಹೊಳೀಬೇಕು ಅಂದನಂತೆ. ಆಗಲಿ, ನೀನು ಸಾಣೆ ತಿರುಗಿಸು ಅಂದ ಕಮ್ಮಾರ. ಅವನು ಕೊಡಲಿಯನ್ನ ಒತ್ತಿ ಹಿಡಿದ, ಇವನು ತಿರುಗಿಸಿ ತಿರುಗಿಸಿ ಸುಸ್ತಾದ. ಇನ್ನೂ ಕಪ್ಪು ಮಚ್ಚೆ ಹೋಗಿಲ್ಲ, ತಿರುಗಿಸು ಅಂದರೆ, ಬೇಡ ಬಿಡು, ನನಗೆ ಮಚ್ಚೆ ಕೊಡಲಿಯೇ ಇಷ್ಟ ಅಂದು ಎತ್ತಿಕೊಂಡು ನಡೆದನಂತೆ. ಫ್ರಾಂಕ್ಲಿನ್ ಕೂಡಾ ಬರಬರುತ್ತಾ ವರ್ಷಕ್ಕೊಂದು ಸುತ್ತು, ಆಮೇಲೆ ಹಲವು ವರ್ಷಕ್ಕೊಂದು, ಕೊನೆಗೆ ಪೂರ್ತಿ ಬಿಟ್ಟ. ಪುಸ್ತಕ ಮಾತ್ರ ಜೊತೆಯಲ್ಲೇ ಇಟ್ಟುಕೊಳ್ತಿದ್ದನಂತೆ.

ಇಷ್ಟರವರೆಗೆ ನಗುತ್ತಲೇ ಓದಿದ್ದೆ. ನಗು ನಿಂತದ್ದು ಆರನೇ ವಾರದಲ್ಲಿ. ದುಡಿಮೆಯ ವಾರ. ಆಫೀಸಿನಲ್ಲಿ ರಿಲೀಸ್ ಇತ್ತು, ಊರಲ್ಲಿ ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್ ಇತ್ತು. "ಸಣ್ಣ ಆಪರೇಷನ್ ಕಣಪ್ಪ, ನೀನೇನೂ ಬರಬೇಡ" ಅಂದ್ರು ಅಪ್ಪ. ನಾನೂ ಹೋಗಲಿಲ್ಲ. ಅಮ್ಮ ಪಕ್ಕದ ಮನೆ ಹುಡುಗನನ್ನ ಕರ್ಕೊಂಡು ಆಟೋದಲ್ಲಿ ಹೋಗಿ ಬಂದರು. ಶನಿವಾರ ರಾತ್ರಿ ನೋಟ್‌ಬುಕ್ ತೆಗೆದು ನೋಡಿದರೆ, ದುಡಿಮೆಯ ಸಾಲು ಖಾಲಿ. ಏಳು ದಿನ, ಒಂದೂ ಚುಕ್ಕೆ ಇಲ್ಲ. ಅಷ್ಟು ಸ್ವಚ್ಛವಾದ ಸಾಲು ನನ್ನ ಪುಸ್ತಕದಲ್ಲಿ ಅದೊಂದೇ. 13 ಸಾಲುಗಳನ್ನೂ ಮತ್ತೆ ಮತ್ತೆ ನೋಡಿದೆ. ಆಟೋದಲ್ಲಿ ಹೋದ ಅಪ್ಪನಿಗೆ ಯಾವ ಸಾಲಿನಲ್ಲಿ ಚುಕ್ಕೆ ಇಡಬೇಕು ಅಂತ ತಿಳೀಲಿಲ್ಲ.

ಆಮೇಲೆ ನಾನು ಓದಿದ್ದು ಡೆಬೊರಾ ಬಗ್ಗೆ. ಫ್ರಾಂಕ್ಲಿನ್‌ನ ಹೆಂಡತಿ. 1724ರಲ್ಲಿ ಮದುವೆ ಮಾತು ಕೊಟ್ಟು ಲಂಡನ್ನಿಗೆ ಹೋದವನು ಅವಳಿಗೆ ಬರೆದದ್ದು ಒಂದೇ ಒಂದು ಪತ್ರ. ಅದನ್ನು ತನ್ನ ಬದುಕಿನ ದೊಡ್ಡ ಅಚ್ಚಿನ ತಪ್ಪುಗಳಲ್ಲಿ ಒಂದು ಅಂತ ತಾನೇ ಬರೆದುಕೊಂಡಿದ್ದಾನೆ. ಅಣ್ಣನ ಕರಾರು ಮುರಿದದ್ದೂ ಆ ಪಟ್ಟಿಯಲ್ಲಿದೆ. ಅದಕ್ಕೆ ಒಪ್ಪು ಅಂತ, ಮುಂದೆ ಅಣ್ಣನ ಮಗನನ್ನು ಓದಿಸಿ ಕೆಲಸ ಕಲಿಸಿದ. 1730ರಲ್ಲಿ ಡೆಬೊರಾ ಜೊತೆ ಸಂಸಾರ ಹೂಡಿದ. ಅವಳು ಅಂಗಡಿ ನೋಡಿಕೊಂಡಳು, ಪುಸ್ತಕ ಹೊಲಿದಳು, ಕಾಗದಕ್ಕೆ ಚಿಂದಿ ಬಟ್ಟೆ ಕೊಂಡಳು. 1736ರಲ್ಲಿ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿಗೆ ತೀರಿಕೊಂಡ. ಅವನಿಗೆ ಚುಚ್ಚಿಸಿರಲಿಲ್ಲ. ಬೇರೆ ಅಪ್ಪ ಅಮ್ಮಂದಿರಾದರೂ ತಿಳಿದುಕೊಳ್ಳಲಿ ಅಂತ ಆ ಪಶ್ಚಾತ್ತಾಪವನ್ನು ಐವತ್ತು ವರ್ಷದ ನಂತರ ಬರೆಯುವಾಗಲೂ ಬಿಡಲಿಲ್ಲ.

1757ರಲ್ಲಿ ಫ್ರಾಂಕ್ಲಿನ್ ಕೆಲಸದ ಮೇಲೆ ಲಂಡನ್ನಿಗೆ ಹೋದ, ನಮ್ಮ ಭಾಷೆಯಲ್ಲಿ ಆನ್‌ಸೈಟ್. ಐದು ವರ್ಷ ಬಿಟ್ಟು ಬಂದ. 1764ರಲ್ಲಿ ಮತ್ತೆ ಹೋದ. ಸಮುದ್ರ ಅಂದರೆ ಭಯ ಅಂತ ಡೆಬೊರಾ ಜೊತೆ ಹೋಗಲಿಲ್ಲ. 1765ರಲ್ಲಿ ಸ್ಟಾಂಪ್ ತೆರಿಗೆ ಗಲಾಟೆಯಲ್ಲಿ ಜನ ಮನೆ ಮೇಲೆ ಬೀಳ್ತಾರೆ ಅಂತ ಸುದ್ದಿ ಬಂದಾಗ, ಬಂದೂಕು ತರಿಸಿಟ್ಟುಕೊಂಡು ಮನೆಯಲ್ಲೇ ಗಟ್ಟಿಯಾಗಿ ಕೂತವಳು ಆಕೆ. ಕೆಲವು ವರ್ಷಕ್ಕೆ ಪಾರ್ಶ್ವವಾಯು ಹೊಡೆಯಿತು. ಗಂಡ ಬರ್ತೀನಿ ಬರ್ತೀನಿ ಅಂತ ಮುಂದೂಡುತ್ತಲೇ ಹೋದ. 1774ರ ಡಿಸೆಂಬರ್ 19ರಂದು ಆಕೆ ತೀರಿಕೊಂಡಳು. ಆತ ಫಿಲಡೆಲ್ಫಿಯಾಕ್ಕೆ ಬಂದಿಳಿದದ್ದು 1775ರ ಮೇ ತಿಂಗಳಲ್ಲಿ. ಹತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನ್ಯಾಯದ ಸಾಲಿನ ಕತೆಯೂ ಹೀಗೇ. ಪ್ರತಿ ರಾತ್ರಿ ನ್ಯಾಯಕ್ಕೆ ಚುಕ್ಕೆ ಹುಡುಕಿದ ಮನುಷ್ಯ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ, ತನ್ನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಹಾಕಿ ದುಡ್ಡು ಮಾಡಿದ್ದ. ಆ ಸಾಲಿಗೆ ಅದು ಕಾಣಲೇ ಇಲ್ಲ. ಆದರೆ ಇಲ್ಲಿ ಒಪ್ಪು ಬಂತು, ತಡವಾಗಿಯಾದರೂ. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ, ಹಾಸಿಗೆ ಹಿಡಿದ ಸ್ಥಿತಿಯಲ್ಲಿ, ಗುಲಾಮಗಿರಿ ತೆಗೆಯಿರಿ ಅಂತ ಕಾಂಗ್ರೆಸ್ಸಿಗೆ ಹೋದ ಮನವಿಗೆ ಸಹಿ ಹಾಕಿದ. ಏಪ್ರಿಲ್ 17ಕ್ಕೆ ತೀರಿಕೊಂಡ. 84 ವರ್ಷ.

ಆತ್ಮಕಥೆಯನ್ನ ಆತ 1771ರಲ್ಲಿ ಮಗ ವಿಲಿಯಂಗೆ ಪತ್ರದ ರೂಪದಲ್ಲಿ ಶುರುಮಾಡಿದ್ದ. ಚುಕ್ಕೆಗಳ ಭಾಗ ಬರೆದದ್ದು 1784ರಲ್ಲಿ, ಪ್ಯಾರಿಸ್ ಹತ್ತಿರದ ಪಾಸಿಯಲ್ಲಿ. ಅಷ್ಟರಲ್ಲಿ ಮಗ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತು, ಅಪ್ಪ ಮಗನ ಸಂಬಂಧ ಮುರಿದುಬಿದ್ದಿತ್ತು. 1785ರಲ್ಲಿ ಸೌತಾಂಪ್ಟನ್ನಿನಲ್ಲಿ ಒಮ್ಮೆ ಭೇಟಿಯಾದರು, ಅದೇ ಕೊನೆ. ಪುಸ್ತಕ ಮಾತ್ರ 1757-58ರ ಆಸುಪಾಸಿಗೇ, ಲಂಡನ್ನಿಗೆ ಹೋದ ಮೊದಲ ಸಲದ ಹತ್ತಿರಕ್ಕೇ ನಿಂತುಹೋಗಿದೆ. ಅಣ್ಣನಿಗೆ ಮಾಡಿದ್ದು, ಗೆಳೆಯರ ದುಡ್ಡು ಖರ್ಚು ಮಾಡಿದ್ದು, ಪತ್ರ ಬರೆಯದೇ ಇದ್ದದ್ದು ಎಲ್ಲಾ ಒಪ್ಪೋಲೆಯಲ್ಲಿದೆ. ಡೆಬೊರಾಳ ಕೊನೆಯ ಹತ್ತು ವರ್ಷದವರೆಗೆ, ವಿಲಿಯಂವರೆಗೆ ಅದು ತಲುಪಲೇ ಇಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ನಾಲ್ಕು ವಾರ ಬಾಕಿ ಇದೆ. ಯುಗಾದಿಗೆ ಹೋದಾಗ ಅಡುಗೆಮನೆ ಕ್ಯಾಲೆಂಡರಿನ ಹಿಂದಿನ ಹಾಳೆ ತಿರುವಿ ನೋಡಿದ್ದೆ. ಆಪರೇಷನ್ ದಿನದ ಮನೆಯಲ್ಲಿ ಹಾಲಿಗೆ ಸೊನ್ನೆ. ಅದರ ಪಕ್ಕದಲ್ಲಿ ಅಮ್ಮನ ಅಕ್ಷರದಲ್ಲಿ, ಆಟೋ 120. ಅಪ್ಪನ ಬಲಗಣ್ಣಿನದ್ದು ಬರೋ ಶುಕ್ರವಾರ ಇದೆ. ಈ ಸಲವೂ "ಬರಬೇಡ ಕಣಪ್ಪ" ಅಂದಿದ್ದಾರೆ. ಗುರುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ, ಮ್ಯಾನೇಜರ್‌ಗೆ ಮೇಲ್ ಹಾಕಿಯಾಯ್ತು.